ಕೇಳಿದವರಿಗೆ ಮಾತ್ರ

ಕುಮಟಾ ಹತ್ತಿರದ ಹೊಳನಗದ್ದೆಯ ಅಜ್ಜಿಯೊಬ್ಬರು ಕಾಮಾಲೆಗೆ ಮದ್ದು ಕೊಡುತ್ತಿದ್ದರು. ಭಾನುವಾರ, ಬುಧವಾರ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ ಬಂದವರಿಗೆ. ದುಡ್ಡು ಮುಟ್ಟುತ್ತಿರಲಿಲ್ಲ. ಅವರದು ಒಂದೇ ಕಟ್ಟಳೆ. ರೋಗಿಯೋ ರೋಗಿಯ ಮನೆಯವರೋ ತಾವಾಗಿ ಅಂಗಳಕ್ಕೆ ಬಂದು, ಬಾಯಿಬಿಟ್ಟು ಮದ್ದು ಕೇಳಬೇಕು. ಅಜ್ಜಿ ಯಾರನ್ನೂ ಕರೆಯುವಂತಿಲ್ಲ. ಕರೆದು ಕೊಟ್ಟರೆ ಮದ್ದು ತಾಗುವುದಿಲ್ಲ. ಅದಷ್ಟೇ ಅಲ್ಲ, ಕೊಟ್ಟ ಕೈಯಿಂದಲೇ ಮದ್ದು ಹೊರಟುಹೋಗುತ್ತದೆ ಎಂದು ಅವರ ಅತ್ತೆ ಹೇಳಿಕೊಟ್ಟಿದ್ದರಂತೆ. ಹಾಗಾಗಿ ಆ ಮನೆಗೆ ಒಂದು ಬೋರ್ಡೂ ಇರಲಿಲ್ಲ. ದಾರಿಯಲ್ಲಿ ಕಣ್ಣು ಹಳದಿಯಾದವನು ಎದುರಾದರೂ ಅಜ್ಜಿ "ಬಾ" ಎನ್ನುತ್ತಿರಲಿಲ್ಲ.

ಆ ಕಟ್ಟಳೆಯನ್ನು ಮಾತಿನಲ್ಲಿ ಮುರಿಯಲು ನನ್ನನ್ನು ಕರೆಸಿದ್ದರು.

ಅದು ಎರಡು ಸಾವಿರದ ಏಳನೆಯ ಇಸವಿ. ನನಗೆ ಇಪ್ಪತ್ತಮೂರು. ಕುಮಟಾದ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ಫಲಕ ಹೊತ್ತು ತಂದವಳು ನಾನು. ಚೀಟಿ ಎತ್ತಿದಾಗ ಯಾವ ಪಕ್ಷ ಬರುತ್ತದೋ ಆ ಪಕ್ಷವನ್ನು ವಾದಿಸುವುದು, ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿ ಆಮೇಲೆ ಮುರಿಯುವುದು, ಇವೆರಡನ್ನು ನಮ್ಮ ಮೇಷ್ಟ್ರು ಚೆನ್ನಾಗಿಯೇ ಕಲಿಸಿದ್ದರು. ನಂಬಿಕೆಯೆಂಬುದು ನನಗೆ ಯಾವುದರಲ್ಲೂ ಇರಲಿಲ್ಲ. ನಾಟಿ ಮದ್ದಿನಲ್ಲಂತೂ ಇಲ್ಲವೇ ಇಲ್ಲ. ಕಾಮಾಲೆ ಹೆಚ್ಚಿನವರಿಗೆ ಪಥ್ಯ ಮಾಡಿ ಮಲಗಿದರೆ ತಾನಾಗಿಯೇ ಇಳಿಯುತ್ತದೆ, ಹೆಸರು ಮಾತ್ರ ಮದ್ದಿಗೆ ಬರುತ್ತದೆ ಎಂದು ಎಷ್ಟು ಮಂದಿಯ ಹತ್ತಿರ ಜಗಳವಾಡಿದ್ದೇನೋ ಲೆಕ್ಕವಿಲ್ಲ.

ಡಿಗ್ರಿ ಮುಗಿದ ಮೇಲೆ ನಮ್ಮೂರು ಭಟ್ಕಳದಲ್ಲಿ ಒಂದು ಅತ್ತರಿನ ಅಂಗಡಿಗೆ ಕಂಪ್ಯೂಟರ್ ಕೆಲಸಕ್ಕೆ ಸೇರಿದ್ದೆ. ಕೊಲ್ಲಿ ದೇಶಗಳಲ್ಲಿ ಇದ್ದವರಿಗೆ ಇಲ್ಲಿಂದ ಅತ್ತರು ಕಳಿಸುವ ವ್ಯಾಪಾರ. ಅಂತರ್ಜಾಲದ ಜಾಹೀರಾತನ್ನು ಕಲಿತದ್ದು ಅಲ್ಲಿ. ಯಾರೋ ಎಲ್ಲೋ ಕೂತು ಹುಡುಕುವ ಜಾಗದಲ್ಲಿ ಒಂದು ಮಾತು ಟೈಪ್ ಮಾಡುತ್ತಾರೆ. ಆ ಮಾತನ್ನು ನಾವು ಮೊದಲೇ ಆರಿಸಿಟ್ಟಿದ್ದರೆ ಬಲಬದಿಯಲ್ಲಿ ನಮ್ಮ ಪುಟ್ಟ ಜಾಹೀರಾತು ಕಾಣಿಸುತ್ತದೆ. ಕಾಣಿಸಿದ್ದಕ್ಕೆ ಕಾಸಿಲ್ಲ, ಒತ್ತಿದರೆ ಮಾತ್ರ ಕಾಸು. ತಲೆಬರಹಕ್ಕೆ ಇಪ್ಪತ್ತೈದು ಅಕ್ಷರ, ಕೆಳಗಿನ ಎರಡು ಸಾಲಿಗೆ ಮೂವತ್ತೈದು ಮೂವತ್ತೈದು. ಎಲ್ಲವೂ ಇಂಗ್ಲಿಷಿನಲ್ಲಿ. ಎರಡು ನಿಮಿಷದ ಭಾಷಣಕ್ಕೆ ಗಂಟೆ ಹೊಡೆಯುವುದನ್ನು ನೋಡಿ ಬೆಳೆದವಳಿಗೆ ಈ ಇಕ್ಕಟ್ಟು ಹಿಡಿಸಿಬಿಟ್ಟಿತು. ಯಾವ ಮಾತು ಬಂದರೆ ಜಾಹೀರಾತು ಕಾಣಿಸಲೇಬಾರದು ಎಂದು ತಡೆಯುವ ಪಟ್ಟಿಯೂ ಒಂದಿರುತ್ತದೆ. ಅದರ ಬೆಲೆಯನ್ನು ಅಂಗಡಿಯ ಯಜಮಾನರು ನನಗಿಂತ ಬೇಗ ಹಿಡಿದರು.

"ಬೇಟಿ, ಫ್ರೀ ಅಂತ ಹುಡುಕೋರನ್ನ ಮೊದ್ಲು ಬಾಗಿಲ ಹೊರಗೆ ಇಡು. ಅವ್ರು ಅತ್ತರು ತಗೊಳ್ಳೋದಿಲ್ಲ, ಮೂಸಿ ಹೋಗ್ತಾರೆ."

ಅತ್ತರು ಚೆನ್ನಾಗಿ ಹೋಯಿತು. ಸುದ್ದಿ ಹೊನ್ನಾವರ ದಾಟಿ ಕುಮಟಾಕ್ಕೆ ಮುಟ್ಟಿತು. ಹೆದ್ದಾರಿಯ ಬದಿಯಲ್ಲಿ ಎಂಟು ಕೋಣೆಯ ಲಾಡ್ಜು ನಡೆಸುತ್ತಿದ್ದವರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಆ ಅಜ್ಜಿಯ ಮಗ ಅವರೇ. ದೂರದಿಂದ ಮದ್ದಿಗೆ ಬಂದವರು ಹಿಂದಿನ ರಾತ್ರಿ ಬಂದು ಉಳಿಯಬೇಕಲ್ಲ, ಅವರಿಂದಲೇ ಲಾಡ್ಜು ಅಷ್ಟೋ ಇಷ್ಟೋ ನಡೆಯುತ್ತಿತ್ತು. ಇನ್ನಷ್ಟು ಮಂದಿ ಬರಬೇಕೆಂದು ಅವರಿಗೆ ಆಸೆ.

"ಆಯಿಗೆ ನಾ ಹೇಳಿದ್ರೆ, ನಿನ್ನ ಕೋಣೆ ತುಂಬೂಕೆ ಹೇಳ್ತೆ ನೀನು ಅಂತದೆ. ನೀ ಡಿಬೇಟಿನವ್ಳಲ್ವೇನೆ, ನೀ ಹೇಳು ತಂಗಿ."

ಅಜ್ಜಿ ಜಗಲಿಯಲ್ಲಿ ಕುಳಿತು ಕಸಪೊರಕೆ ಕಟ್ಟಲು ತೆಂಗಿನ ಗರಿಯಿಂದ ಕಡ್ಡಿ ಸೀಳುತ್ತಿದ್ದರು. ನಾನು ಮೊದಲು ಅವರ ಪಕ್ಷವನ್ನೇ ಹೇಳಿದೆ. ಬೋರ್ಡು ಹಾಕುವುದು ತಪ್ಪು, ಯಾಕೆಂದರೆ ಅದು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆಯುತ್ತದೆ. ಪೇಪರಿನ ಜಾಹೀರಾತೂ ಹಾಗೆಯೇ, ಬೇಡದವರ ಮನೆಗೂ ಹೋಗಿ ಬೀಳುತ್ತದೆ. ಅಜ್ಜಿ ತಲೆಯಾಡಿಸಿದರು. ಆಗ ನಾನು ತಿರುಗಿದೆ.

"ಇದು ಹಂಗಲ್ಲ ಅಜ್ಜಿ. ಕಾಮಾಲೆಗೆ ನಾಟಿ ಮದ್ದು ಎಲ್ಲಿ ಸಿಗ್ತದೆ ಅಂತ ಅವರೇ ಮೊದ್ಲು ಬರೆದು ಕೇಳ್ಬೇಕು. ಕೇಳಿದ ಮೇಲೆ ಮಾತ್ರ ನಿಮ್ಮ ಹೆಸ್ರು ಕಾಣ್ತದೆ. ಕೇಳದವ್ರಿಗೆ ಕಾಣೂದೇ ಇಲ್ಲ. ಅಂಗಳಕ್ಕೆ ಬಂದು ಕೇಳೂದಕ್ಕೂ ಇದಕ್ಕೂ ಎಂತ ವ್ಯತ್ಯಾಸ? ಅಂಗಳ ಸ್ವಲ್ಪ ದೊಡ್ಡದಾಯ್ತು, ಅಷ್ಟೇ."

ಅಜ್ಜಿ ಕೈಯಲ್ಲಿದ್ದ ಕತ್ತಿ ಕೆಳಗಿಟ್ಟರು. "ಕೇಳ್ದವ್ರಿಗೆ ಮಾತ್ರವಾ?"

"ಕೇಳಿದವ್ರಿಗೆ ಮಾತ್ರ."

"ಕೇಳ್ದೇ ಇದ್ದವ್ರಿಗೆ ಕಂಡ್ರೆ?"

"ಕಾಣೂದಿಲ್ಲ ಅಂತ ನಾ ಹೇಳ್ತಿದ್ದೇನಲ್ಲ."

ಅವರು ಕತ್ತಿಯನ್ನು ಮತ್ತೆ ಕೈಗೆತ್ತಿಕೊಂಡರು. "ನಿಂಗೆ ಮಾತು ಬತ್ತದೆ. ಆತು ಹಂಗಾರೆ" ಎಂದರು.

ನಾನು ಹೇಳಿದ್ದು ಸುಳ್ಳಾಗಿರಲಿಲ್ಲ, ಅಂದು. ಮೊದಲ ಎರಡು ತಿಂಗಳು ಹಾಗೆಯೇ ನಡೆಸಿದೆ. ಹುಡುಕುವ ಮಾತನ್ನು ಚೌಕ ಕಂಸದೊಳಗೆ ಹಾಕಿಟ್ಟರೆ ಅಷ್ಟೇ ಮಾತು, ಅದೇ ಕ್ರಮದಲ್ಲಿ ಬಂದಾಗ ಮಾತ್ರ ಜಾಹೀರಾತು ಕಾಣುತ್ತದೆ. ಹತ್ತೋ ಹನ್ನೆರಡೋ ಮಾತುಗಳನ್ನು ಹಾಗೆ ಬಿಗಿದಿಟ್ಟಿದ್ದೆ. ತಡೆಯುವ ಪಟ್ಟಿಯಲ್ಲಿ ಆಪರೇಶನ್, ಕ್ಯಾನ್ಸರ್, ಕಲ್ಲು, ಹಸುಗೂಸು ಎಲ್ಲವೂ ಇದ್ದವು. ವಾರಕ್ಕೆ ಇಬ್ಬರೋ ಮೂವರೋ ಹೊಸಬರು ಬರುತ್ತಿದ್ದರು. ಬಂದವರಿಗೆಲ್ಲ ನಿಜವಾಗಿಯೂ ಕಾಮಾಲೆಯೇ.

ಮಳೆಗಾಲ ಹಿಡಿಯಿತು. ಅಜ್ಜಿಯ ಮಗ ದಿನಾ ಫೋನು ಮಾಡತೊಡಗಿದರು. "ಎಂತ ತಂಗಿ, ನಿನ್ನ ಕಂಪ್ಯೂಟರಿಗೂ ಥಂಡಿ ಹಿಡೀತಾ?" ಎಂಟು ಕೋಣೆಯಲ್ಲಿ ಆರಕ್ಕೆ ಬೀಗ. ಅವರ ಕುಹಕ ನನಗೆ ಸೋಲಿನಂತೆ ಚುಚ್ಚಿತು. ನಾನು ಸೋಲುಂಡು ಗೊತ್ತಿದ್ದವಳಲ್ಲ.

ಕಂಸ ತೆಗೆದೆ. ಕಂಸ ತೆಗೆದರೆ ಆ ಮಾತಿಗೆ ಹತ್ತಿರದ್ದೆಂದು ಯಂತ್ರಕ್ಕೆ ಅನ್ನಿಸಿದ ಎಲ್ಲ ಮಾತಿಗೂ ಜಾಹೀರಾತು ಹೋಗುತ್ತದೆ. ಲಿವರ್ ಎಂಬ ಮಾತನ್ನು ಸೇರಿಸಿದೆ, ಪಿತ್ತ ಎಂಬುದನ್ನು ಸೇರಿಸಿದೆ. ತಡೆಯುವ ಪಟ್ಟಿಯಿಂದ ಒಂದೊಂದೇ ಮಾತನ್ನು ಅಳಿಸಿದೆ. ಜಾಹೀರಾತಿನ ಸಾಲನ್ನು ಎರಡು ಥರ ಬರೆದು, ಯಾವುದನ್ನು ಹೆಚ್ಚು ಮಂದಿ ಒತ್ತುತ್ತಾರೆಂದು ಹೋಲಿಸಿ ನೋಡಿದೆ. ಒಂದರಲ್ಲಿ "ತಲೆಮಾರುಗಳಿಂದ ಬಂದ ಮದ್ದು, ಉಚಿತ" ಎಂದಿತ್ತು. ಇನ್ನೊಂದರಲ್ಲಿ "ಆಪರೇಶನ್‌ಗೆ ಮೊದಲು ಒಮ್ಮೆ ಬನ್ನಿ" ಎಂದು. ಎರಡನೆಯದು ಮೊದಲನೆಯದಕ್ಕಿಂತ ಬಹಳ ಮುಂದೆ ಓಡಿತು. ಮೊದಲನೆಯದನ್ನು ನಿಲ್ಲಿಸಿಬಿಟ್ಟೆ. "ಬನ್ನಿ" ಎಂದು ಬರೆದಿದ್ದೇನೆಂಬುದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಈಗ ಬರೆದರೆ ಯಾರೂ ಅಲ್ಲಗಳೆಯಲಾರರು, ಆದರೆ ಗೊತ್ತಿತ್ತು.

ಕೋಣೆಗಳು ತುಂಬಿದವು. ಮಗ ಭಟ್ಕಳದ ತನಕ ಬಂದು ನನಗೆ ಒಂದು ಡಬ್ಬ ಸಿಹಿ ಕೊಟ್ಟು ಹೋದರು. ಯಾರು ಏನು ಹುಡುಕಿ ನಮ್ಮ ಜಾಹೀರಾತು ಒತ್ತಿದರು ಎಂಬ ಪಟ್ಟಿಯನ್ನು ಯಂತ್ರ ಕೊಡುತ್ತಿತ್ತು. ಅದನ್ನು ತೆರೆದು ನೋಡುವುದು ನನ್ನ ಕೆಲಸ. ಒಮ್ಮೆ ತೆರೆದೆ. "ಡಾಕ್ಟರು ಕೈಬಿಟ್ಟ ಮೇಲೆ ಲಿವರ್‌ಗೆ ಏನು ಮಾಡಬೇಕು" ಎಂದು ಯಾರೋ ಬರೆದಿದ್ದರು. ಮುಚ್ಚಿಬಿಟ್ಟೆ. ಮತ್ತೆ ತೆರೆಯಲಿಲ್ಲ.

ಶ್ರಾವಣದ ಒಂದು ಭಾನುವಾರ ಅಜ್ಜಿಯ ಮನೆಯ ಫೋಟೋ ತೆಗೆಯಲೆಂದು ಹೊಳನಗದ್ದೆಗೆ ಹೋಗಿದ್ದೆ. ಹುಬ್ಬಳ್ಳಿ ಕಡೆಯ ಒಬ್ಬ ಅಣ್ಣ ತನ್ನ ತಂಗಿಯನ್ನು ಕರೆತಂದಿದ್ದ. ಹುಡುಗಿ ನನ್ನ ಓರಗೆಯವಳು. ಮುಖ, ಕಣ್ಣು, ಅಂಗೈ ಎಲ್ಲ ಹಳದಿ. ಎರಡು ಸ್ವೆಟರು ಹಾಕಿಕೊಂಡು ನಡುಗುತ್ತಿದ್ದಳು. ಅಜ್ಜಿ ಅವಳ ರೆಪ್ಪೆ ಬಿಡಿಸಿ ನೋಡಿದರು, ಹೊಟ್ಟೆಯ ಬಲಗಡೆ ಮುಟ್ಟಿದರು. ಹುಡುಗಿ ಕಿರುಚಿದಳು.

"ಇದು ನನ್ನ ಮದ್ದಿಗೆ ಬಗ್ಗೂದಲ್ಲ. ಈಗ್ಲೇ ದೊಡ್ಡಾಸ್ಪತ್ರೆಗೆ ಕರ್ಕಂಡ್ ಹೋಗು ಮಗಾ" ಎಂದರು ಅಜ್ಜಿ.

ಅಣ್ಣ ಒಪ್ಪಲಿಲ್ಲ. "ಹಂಗಂದ್ರ ಹೆಂಗ್ರೀ? ಸೋಮವಾರನ ಆಪರೇಶನ್‌ಗೆ ಡೇಟ್ ಕೊಟ್ಟಿದ್ರು ಅಲ್ಲೆ. ಪಿತ್ತದ ಚೀಲದಾಗ ಕಲ್ಲು ಅಂತ. ನೀವು ಬರ್ರಿ ಅಂದೀರಿ ಅಂತ ಅದನ್ನ ಬಿಟ್ಟು ಆರು ದಿನ ಆತು, ರವಿವಾರಕ್ಕ ಅಂತ ಕಾದು ಬಂದೀವಿ."

"ನಾ ಯಾರಿಗೂ ಬಾ ಅನ್ನೂದಿಲ್ಲ."

ಅವನು ಜೇಬಿನಿಂದ ಮಡಚಿದ ಹಾಳೆಯೊಂದನ್ನು ತೆಗೆದು ಬಿಡಿಸಿದ. ಸೈಬರಿನಲ್ಲಿ ಪ್ರಿಂಟು ಹಾಕಿಸಿದ್ದು. "ಇದ ಏನ್ರೀ ಮತ್ತ?"

ಅಜ್ಜಿಗೆ ಇಂಗ್ಲಿಷು ಬಾರದು. ಹಾಳೆಯನ್ನು ನನ್ನ ಕೈಗೆ ಕೊಟ್ಟರು. "ಓದು ತಂಗಿ."

ಓದಿದೆ. ಮೂರು ಸಾಲು ಓದಲು ಎಷ್ಟು ಹೊತ್ತು ಬೇಕು. ಕನ್ನಡಕ್ಕೆ ತಿರುಗಿಸುವಾಗ "ಬನ್ನಿ" ಎಂಬುದನ್ನು ನುಂಗಬಹುದಿತ್ತು. ನುಂಗಲಿಲ್ಲ. ನನ್ನ ಪರವಾಗಿ ಹೇಳಿಕೊಳ್ಳಲು ಅದೊಂದೇ ಇದೆ.

ಅಜ್ಜಿ ನನ್ನನ್ನು ನೋಡಲಿಲ್ಲ. ಅವನನ್ನು ಕೇಳಿದರು, "ನೀ ಅದ್ರಾಗೆ ಎಂತ ಕೇಳಿದ್ದೆ ಮಗಾ? ಕಾಮಾಲೆ ಮದ್ದು ಕೇಳಿದ್ಯಾ?"

"ಇಲ್ಲ್ರೀ. ಪಿತ್ತದ ಕಲ್ಲಿನ ಆಪರೇಶನ್‌ಗ ಖರ್ಚ ಎಷ್ಟಾಗತೈತಿ ಅಂತ ನೋಡಾಕ್ಹತ್ತಿದ್ದೆ. ಬಾಜೂಕ ಇದು ಬಂತು."

ಅಜ್ಜಿಯ ಮಗನ ಓಮ್ನಿ ವ್ಯಾನಿನಲ್ಲಿ ಅವರನ್ನು ದಕ್ಷಿಣದ ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ಭಟ್ಕಳದ ತನಕ ನಾನೂ ಅದರಲ್ಲೇ ಹೋದೆ. ಹೊನ್ನಾವರದ ಸೇತುವೆಯ ಮೇಲೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಹುಡುಗಿಯ ತಲೆ ನನ್ನ ಹೆಗಲಿಗೆ ಒರಗಿತ್ತು. ಮೈ ಒಲೆಯ ಹಾಗೆ ಸುಡುತ್ತಿತ್ತು. ಶಿರಾಲಿ ದಾಟುವಾಗ ಅವಳು ಕಣ್ಣು ತೆರೆದು, "ಆ ಅಜ್ಜಿ ಯಾಕ ಔಷಧ ಕೊಡಲಿಲ್ಲ?" ಎಂದು ನನ್ನನ್ನು ಕೇಳಿದಳು. ಎಂಥ ಪ್ರಶ್ನೆಗೂ ನಿಂತ ನಿಲುವಿನಲ್ಲಿ ಉತ್ತರ ಕೊಡಬಲ್ಲವಳು ನಾನು. "ಅಲ್ಲಿ ಇನ್ನೂ ಒಳ್ಳೇದು ಕೊಡ್ತಾರೆ" ಎಂದೆ. ಭಟ್ಕಳದಲ್ಲಿ ಇಳಿದುಕೊಂಡೆ.

ಮೂರನೆಯ ದಿನ ಅಜ್ಜಿಯ ಮಗ ಆ ಅಣ್ಣನಿಗೆ ಫೋನು ಮಾಡಿದರು. ಆಪರೇಶನ್ ಮಾಡಿದರಂತೆ. ಕೀವು ರಕ್ತಕ್ಕೆ ಸೇರಿ ಹೋಗಿತ್ತಂತೆ. ಹಿಂದಿನ ಸಂಜೆ ಹುಡುಗಿ ತೀರಿಕೊಂಡಿದ್ದಳು. ನಾನು ಅಂಗಡಿಯ ಕಂಪ್ಯೂಟರಿನ ಮುಂದೆ ಕುಳಿತು ಜಾಹೀರಾತನ್ನು ನಿಲ್ಲಿಸಿದೆ. ಅದಕ್ಕೆ ಬೇಕಾದದ್ದು ಒಂದು ಒತ್ತು.

ಒಂದು ತಿಂಗಳು ಬಿಟ್ಟು, ಒಂದು ಬುಧವಾರ ಬೆಳಿಗ್ಗೆ ಹೊಳನಗದ್ದೆಗೆ ಹೋದೆ. ಕ್ಷಮೆ ಕೇಳಲು ಎಂದು ಹೊರಟವಳು, ಬಸ್ಸಿನಲ್ಲಿ ಕುಳಿತು ವಾದ ಹೊಸೆದುಕೊಂಡಿದ್ದೆ. ಅಜ್ಜಿ ಆ ಹುಡುಗಿಗೆ ಮದ್ದು ಕೊಡಲೇ ಇಲ್ಲ. ಕರೆದು ಕೊಟ್ಟರೆ ತಾನೇ ತಪ್ಪು, ಕೊಡದಿದ್ದ ಮೇಲೆ ಕಟ್ಟಳೆ ಮುರಿದದ್ದೆಲ್ಲಿ? ಕರೆದವಳು ನಾನು, ಪಾಪವೂ ನನ್ನದು. ಅಂಗಳದಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ವಾದದಲ್ಲಿ ತಪ್ಪಿರಲಿಲ್ಲ, ಈಗಲೂ ಇಲ್ಲ.

"ಕೂತ್ಕಾ" ಎಂದರು ಅಜ್ಜಿ. ನೀರು ಬೆಲ್ಲ ತಂದಿಟ್ಟರು. "ನೀ ಹೇಳಿದ್ದು ಸಮಾ ಇದ್ದದು ತಂಗಿ. ಆದ್ರೆ ಆ ಹುಡ್ಗಿ ಬಂದದ್ದು ನನ್ನ ಅಂಗಳಕ್ಕೆ. ನಾ ಕರ್ದೆ ಅಂತ ಬಂತು."

ಅಷ್ಟರಲ್ಲಿ ಆಚೆ ಮನೆಯ ಹೆಂಗಸು ಐದಾರು ವರ್ಷದ ಮಗಳನ್ನು ಎತ್ತಿಕೊಂಡು ಬಂದಳು. ಮಗುವಿನ ಕಣ್ಣು ಹಳದಿಯಾಗಿತ್ತು. "ಅಜ್ಜಿ, ಮಗುಗೆ ಕಾಮಾಲೆ ಆಗದೆ, ಮದ್ದು ಕೊಡಿ" ಎಂದು ಕ್ರಮದಂತೆ ಬಾಯಿಬಿಟ್ಟು ಕೇಳಿದಳು.

"ಯಾರ್ ಹೇಳಿದ್ರು ನಿಂಗೆ ಇಲ್ಲಿ ಮದ್ದು ಅದೆ ಅಂತ?"

ಹೆಂಗಸು ಬೆಪ್ಪಾದಳು. "ಎಂತ ಅಜ್ಜಿ ಹೀಂಗ್ ಕೇಳ್ತ್ರಿ? ನಾ ಬಾವಿಕಟ್ಟೆ ಆಚೆಯವ್ಳಲ್ವಾ! ನಂಗೂ ಚಿಕ್ಕಂದಿನಾಗೆ ನೀವೇ ಕೊಟ್ಟದ್ದು."

"ಹೌದು ಮಗಾ. ಈಗ ನನ್ನ ಕೈಲಿ ಮದ್ದಿಲ್ಲ. ಕುಮಟಾಕೆ ಡಾಕ್ಟ್ರ ಹತ್ರ ಕರ್ಕಂಡ್ ಹೋಗು, ತಡ ಮಾಡ್ಬೇಡ."

ನನ್ನ ಪಕ್ಷ ಗೆದ್ದಿತ್ತು, ಒಂದು ಲೆಕ್ಕದಲ್ಲಿ. ಒಂದು ನಾಟಿ ಮದ್ದು ನಿಂತಿತು, ಒಂದು ಮಗು ಡಾಕ್ಟರ ಹತ್ತಿರ ಹೋಯಿತು. ಇದನ್ನೇ ಅಲ್ಲವೇ ನಾನು ಎಲ್ಲರ ಹತ್ತಿರ ವಾದಿಸುತ್ತಾ ಬಂದದ್ದು? ಹೆಂಗಸು ಹೋಗುವಾಗ ಎರಡು ಸಲ ತಿರುಗಿ ನೋಡಿದಳು, ಅಜ್ಜಿ ಮನಸ್ಸು ಬದಲಿಸುತ್ತಾರೇನೋ ಎಂದು. ಅಜ್ಜಿ ಬದಲಿಸಲಿಲ್ಲ. ಹಿತ್ತಲಿಗೆ ಹೋಗಿ, ಮದ್ದಿನ ಸೊಪ್ಪಿನ ಗಿಡಗಳನ್ನು ಒಂದೊಂದಾಗಿ ಕಿತ್ತು ದನದ ಮುಂದೆ ಹಾಕಿದರು. ಅವರಿಗೆ ಬಗ್ಗಲು ಕಷ್ಟವಾಗುತ್ತಿತ್ತು. ನಾನು ಕೀಳಲು ಹೋದೆ. "ನೀ ಮುಟ್ಬೇಡ" ಎಂದರು, ಸಿಟ್ಟಿಲ್ಲದೆ.