ಬಾರದವನಿಗಾಗಿ ಕಾದ ಮಂದೆ

ಒಂದು ಮಂಗಳವಾರ ಮಧ್ಯಾಹ್ನ, ಊಟದ ಹೊತ್ತಿನಲ್ಲಿ, ಕಂಪ್ಯೂಟರಿನ ಪರದೆಯ ಮೇಲಿದ್ದ ಒಂದು ಸಣ್ಣ ಟಿಕ್ ಗುರುತನ್ನು ನಾನು ತೆಗೆಯದೆ ಬಿಟ್ಟೆ. ಅದರಿಂದಾಗಿ ಆ ವಾರದ ಗುರುವಾರ ಮತ್ತು ಶುಕ್ರವಾರ ನಮ್ಮ ನೂರ ಅರವತ್ತು ಕುರಿಗಳು ಯಾರ ಹೊಲಕ್ಕೂ ಹೋಗದೆ ಊರಿನ ಗೋಮಾಳದಲ್ಲಿ ಮಲಗಿದವು. ನಗುವ ಸಂಗತಿಯೇ. ಊರಿನವರು ಈಗಲೂ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಶನಿವಾರ ಮಧ್ಯಾಹ್ನ ಸಂಗತಿ ತಿಳಿದಾಗ ನನಗೆ ನಗು ಬರಲಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ನಮ್ಮದು ದೊಡ್ಡಆಲಹಳ್ಳಿಯಲ್ಲಿ ಕುರಿ ಸಾಕುವ ಮನೆ. ಬೇಸಿಗೆಯ ಕೊನೆಯಲ್ಲಿ, ರಾಗಿ ಹೊಲ ಉಳುವುದಕ್ಕೆ ಮೊದಲು, ಹೊಲದವರು ಮಂದೆ ತರುಬಿಸಿಕೊಳ್ಳುತ್ತಾರೆ. ಸಂಜೆ ಕುರಿಗಳನ್ನು ಹೊಲಕ್ಕೆ ಹೊಡೆದು ಸುತ್ತ ಬಲೆ ಕಟ್ಟಿದರೆ, ಬೆಳಗಾಗುವಷ್ಟರಲ್ಲಿ ಹಿಕ್ಕೆ, ಗಂಜಲ ಎರಡೂ ಮಣ್ಣು ಸೇರಿರುತ್ತವೆ. ಬೇರೆ ಗೊಬ್ಬರ ಬೇಕಿಲ್ಲ. ಇದಕ್ಕೊಂದು ರೀತಿಯಿದೆ. ಹೊಲದವರೇ ಬಂದು ಮಂದೆಯನ್ನು ಕರೆದುಕೊಂಡು ಹೋಗಬೇಕು, ಕಾಯುವವರಿಗೆ ಸಂಜೆಯ ಊಟ ಅವರ ಮನೆಯಿಂದಲೇ ಬರಬೇಕು. ಕರೆಯದೆ ಹೋಗಿ "ಇವತ್ತು ನಿಮ್ಮದಾ?" ಎಂದು ಕೇಳುವುದು ಊಟ ಕೇಳಿದಂತೆ ಎಂದು ಅಪ್ಪನ ಎಣಿಕೆ. ಅವರು ಯಾರ ಬಾಗಿಲಿಗೂ ಹೋದವರಲ್ಲ.

ಹಿಂದಿನ ವರ್ಷ ಅಪ್ಪ ಟೀ ಅಂಗಡಿಯ ಮುಂದೆ ಒಬ್ಬರಿಗೆ ಮಾತು ಕೊಟ್ಟರು. ಅದೇ ದಿನಕ್ಕೆ ಚಿಕ್ಕಪ್ಪ ಹಾಲಿನ ಡೈರಿಯ ಮುಂದೆ ಇನ್ನೊಬ್ಬರಿಗೆ ಮಾತು ಕೊಟ್ಟರು. ಇಬ್ಬರು ದೊಡ್ಡ ಹೊಲದವರ ಜಗಳ ಬಿಡಿಸುವುದರಲ್ಲಿ ಒಬ್ಬಳು ಅಕ್ಕನ ಸರದಿ ತಪ್ಪಿಹೋಯಿತು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನಮ್ಮ ಪಕ್ಕದ ಬೀದಿಯವಳು. ಗೋಮಾಳಕ್ಕೆ ಅಂಟಿಕೊಂಡಂತೆ ಅವಳದು ಇಪ್ಪತ್ತು ಗುಂಟೆ ಹೊಲ. ಅದನ್ನು ಅವಳೊಬ್ಬಳೇ ನೋಡಿಕೊಳ್ಳುತ್ತಾಳೆ. ಎರಡು ದಿನದ ಮಂದೆ ಸಾಕು. ಆದರೆ ಆ ವರ್ಷ ಮಳೆ ಬಂದುಬಿಟ್ಟಿತು, ಅವಳು ಗೊಬ್ಬರವಿಲ್ಲದ ಬರೀ ಮಣ್ಣನ್ನೇ ಉಳುಮೆ ಮಾಡಿಸಿದಳು, ರಾಗಿ ಮೊಣಕಾಲುದ್ದವೂ ಏಳಲಿಲ್ಲ. ಈ ವರ್ಷ ಅಪ್ಪ ಅವಳಿಗೆ, "ಮಳೆಗೆ ಮುಂಚೆ ನಿನ್ನ ಹೊಲಕ್ಕೆ ಬತ್ತೀವಿ ಕಣವ್ವ," ಎಂದಿದ್ದರು. ದಿನ ಹೇಳಿರಲಿಲ್ಲ.

ನಾನು ಕನಕಪುರದಲ್ಲಿ ಒಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಅಂಗಡಿಯ ಯಜಮಾನರು ಚನ್ನಪಟ್ಟಣದ ಬೊಂಬೆ ವ್ಯಾಪಾರಿಯೊಬ್ಬರಿಗಾಗಿ ವೆಬ್‌ಸೈಟ್ ಇಡಲು ಜಾಗ ಬಾಡಿಗೆಗೆ ತೆಗೆದುಕೊಂಡಿದ್ದರು. ವ್ಯಾಪಾರಿ ಮನಸ್ಸು ಬದಲಿಸಿದರು, ಜಾಗ ಖಾಲಿ ಬಿದ್ದಿತ್ತು. "ನೀನೇ ಏನಾದರೂ ಹಾಕ್ಕೊ," ಎಂದು ಯಜಮಾನರು ಪಾಸ್‌ವರ್ಡ್ ಕೊಟ್ಟರು. ಮಂದೆಯ ಸರದಿಯನ್ನು ಎಲ್ಲರೂ ಮೊಬೈಲಿನಲ್ಲಿ ನೋಡುವ ಹಾಗಿದ್ದರೆ ಮಾತು ಎರಡಾಗುವುದಿಲ್ಲ ಎಂದು ನನಗೆ ಹೊಳೆಯಿತು.

ಅಂಥ ಕೆಲಸಕ್ಕೆ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಅದು ನಮ್ಮ ಮೊಬೈಲಿನಲ್ಲಿ ಕೂರುವುದಿಲ್ಲ. ಎಲ್ಲೋ ದೂರದ ಸರ್ವರಿನಲ್ಲಿ ಕುಳಿತು, ನಾವು ಪುಟ ಕೇಳಿದಾಗ ಲೆಕ್ಕ ನೋಡಿ ಉತ್ತರ ಕಳಿಸುತ್ತದೆ. ಕುರಿಮಂದೆಗೆಂದೇ ಮಾಡಿದ್ದು ಯಾವುದೂ ಇರಲಿಲ್ಲ. ನನಗೆ ಸಿಕ್ಕಿದ್ದು ಲಾಡ್ಜಿನ ಕೋಣೆ ಕಾಯ್ದಿರಿಸುವ ತಂತ್ರಾಂಶ. ಯೋಚಿಸಿ ನೋಡಿದರೆ ವ್ಯತ್ಯಾಸ ಹೆಚ್ಚಿಲ್ಲ. ಒಂದು ಕೋಣೆ ಒಂದು ದಿನ ಒಬ್ಬರಿಗೆ, ಒಂದು ಮಂದೆ ಒಂದು ದಿನ ಒಂದು ಹೊಲಕ್ಕೆ.

ಜಿಪ್ ಕಡತವನ್ನು ಹೋಸ್ಟಿಂಗ್ ಖಾತೆಗೆ ಏರಿಸಿ ಅಲ್ಲೇ ಬಿಚ್ಚಿದೆ. ಡೇಟಾಬೇಸ್ ಮಾಡಿ ಅದರ ಹೆಸರು ಕೊಟ್ಟೆ. ಸಂಪರ್ಕ ಸಿಗಲಿಲ್ಲ ಎಂದಿತು. ಮೂರು ಸಲ ಅದೇ ಮಾತು. ಹೋಸ್ಟಿಂಗಿನವರು ನಾವಿಟ್ಟ ಹೆಸರಿನ ಹಿಂದೆ ಖಾತೆಯ ಹೆಸರನ್ನೂ ತಾವೇ ಸೇರಿಸಿರುತ್ತಾರೆ, ಅದನ್ನೂ ಬರೆಯಬೇಕು ಎಂದು ತಿಳಿಯಲು ಅರ್ಧ ಚಪಾತಿ ಒಣಗುವಷ್ಟು ಹೊತ್ತು ಹಿಡಿಯಿತು. ಕೊನೆಯ ಪುಟದಲ್ಲಿ ಕೆಂಪು ಅಕ್ಷರದ ಎಚ್ಚರಿಕೆಯಿತ್ತು: ಅಳವಡಿಕೆಯ ಫೋಲ್ಡರನ್ನು ಅಳಿಸಿಬಿಡಿ, ಇಲ್ಲದಿದ್ದರೆ ಬೇರೆಯವರು ಒಳಗೆ ಬರಬಹುದು. ಹೆದರಿ ತಕ್ಷಣ ಅಳಿಸಿದೆ. ಅದಕ್ಕೂ ಹಿಂದಿನ ಪುಟದಲ್ಲಿ, ಸಣ್ಣ ಬೂದು ಅಕ್ಷರದಲ್ಲಿ, "ಮಾದರಿ ಮಾಹಿತಿ ಸೇರಿಸಿ" ಎಂಬ ಅರ್ಥದ ಸಾಲಿತ್ತು. ಅದರ ಮುಂದೆ ಟಿಕ್ ಗುರುತು ಮೊದಲೇ ಇತ್ತು. ಕೆಂಪು ಕಂಡಿತು, ಬೂದು ಕಾಣಲಿಲ್ಲ.

ತಂತ್ರಾಂಶ ತೆರೆದಾಗ ಒಳಗೆ "ಕೋಣೆ ಒಂದು" ಎಂದು ಆಗಲೇ ಸಿದ್ಧವಾಗಿತ್ತು. ಹೊಸದೇಕೆ ಮಾಡಬೇಕೆಂದು ಅದನ್ನೇ ತಿದ್ದಿ "ಮಂದೆ" ಎಂದು ಹೆಸರಿಟ್ಟೆ. "ದೊಡ್ಡವರು" ಎಂಬಲ್ಲಿ "ಕುರಿ" ಎಂದೂ, "ಮಕ್ಕಳು" ಎಂಬಲ್ಲಿ "ಮರಿ" ಎಂದೂ ಬದಲಿಸಿದೆ. ಜೊತೆಯಲ್ಲಿ ಕೆಲಸ ಮಾಡುವವಳು ಹಿಂದೆ ನಿಂತು ನೋಡಿ, "ಕುರಿಗೆ ಬಿಸಿನೀರು ಬೇಕಾ ಅಂತ ಕೇಳ್ತಾ ಐತಲ್ಲೇ!" ಎಂದಳು. ಅದನ್ನೂ ತೆಗೆದೆ. ಆಮೇಲೆ ಅಪ್ಪ ಮೊದಲೇ ಹೇಳಿದ್ದ ಒಂದೇ ಸರದಿಯನ್ನು ಬರೆದೆ: ಭಾನುವಾರದಿಂದ ಮೂರು ದಿನ ನಮ್ಮೂರ ಗೌಡರ ಹೊಲ, ಜೊತೆಗೆ ಅವರ ಮೇಲ್ ವಿಳಾಸ. ಚಿಕ್ಕಪ್ಪನೂ ಸರದಿ ಬರೆಯಲೆಂದು ಪುಟದ ಲಿಂಕನ್ನೂ ಪಾಸ್‌ವರ್ಡನ್ನೂ ಅವರ ಮೊಬೈಲಿಗೆ ಕಳಿಸಿದೆ.

ಬುಧವಾರ ಸಂಜೆ ಬಸ್ಸಿನಲ್ಲಿ ಬರುತ್ತ ಮೊಬೈಲು ತೆರೆದರೆ ಗುರುವಾರ, ಶುಕ್ರವಾರ, ಶನಿವಾರ ಮೂರೂ ಕೆಂಪಾಗಿದ್ದವು. ಕೆಂಪು ಎಂದರೆ ಮಾತಾಗಿದೆ ಎಂದು ಅರ್ಥ. ಹಾಕಿ ಎರಡು ದಿನವಾಗಿಲ್ಲ, ಆಗಲೇ ಜನ ಬಂದರಲ್ಲ ಎಂದು ಹಿಗ್ಗಿದೆ. ಚಿಕ್ಕಪ್ಪ ಫೋನಿನಲ್ಲಿ ಯಾರಿಗೋ ಒಪ್ಪಿ ಬರೆದಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಚಿಕ್ಕಪ್ಪನೇ ಫೋನ್ ಮಾಡಿದರು.

"ನಾಳೆಯಿಂದ ಮೂರು ದಿನ ಕೆಂಪಾಗೈತೆ ಕಣವ್ವ."

"ಹೂಂ ಚಿಕ್ಕಪ್ಪ, ನಾನೂ ನೋಡಿದೆ."

"ಚೆಂದಾಗೈತೆ."

"ಚೆನ್ನಾಗಿದೆ ಅಲ್ವಾ?"

ಇಷ್ಟೇ ಮಾತು. ನಾನು ಬರೆದದ್ದೆಂದು ಅವರು, ಅವರು ಬರೆದದ್ದೆಂದು ನಾನು. ಇಬ್ಬರೂ ಸಂತೋಷವಾಗಿ ಫೋನ್ ಇಟ್ಟೆವು. ಯಾರ ಹೊಲ ಎಂದು ಒಬ್ಬರೂ ಕೇಳಲಿಲ್ಲ.

ಮಂದೆಯ ಕಾಲದಲ್ಲಿ ಅಪ್ಪ, ಚಿಕ್ಕಪ್ಪ ಮನೆಗೆ ಬರುವುದಿಲ್ಲ. ನಾನು ಬೆಳಗ್ಗೆ ಎಂಟರ ಬಸ್ಸಿಗೆ ಹೋಗಿ ಏಳಕ್ಕೆ ಬರುವವಳು. ಆ ಎರಡು ದಿನ ನಡೆದದ್ದು ನನಗೆ ಆಮೇಲೆ ತಿಳಿಯಿತು. ಗುರುವಾರ ಸಂಜೆ ಅಪ್ಪ ಮಂದೆಯನ್ನು ಗೋಮಾಳಕ್ಕೆ ಹೊಡೆದು ಹೊಲದವನು ಬರಲಿ ಎಂದು ಕಾದರು. ಯಾರೂ ಬರಲಿಲ್ಲ, ಊಟವೂ ಬರಲಿಲ್ಲ. ಚಿಕ್ಕಪ್ಪ ಹೋಗಿ ಬನ್ನು, ಬಾಳೆಹಣ್ಣು ತಂದರು. ಯಾರೆಂದು ನನಗೆ ಫೋನ್ ಮಾಡಿ ಕೇಳೋಣವೆಂದರೆ, ಅದೂ ಊಟ ಕೇಳಿದಂತೆಯೇ ಎಂದು ಅಪ್ಪ ಬಿಡಲಿಲ್ಲ. ಬೇರೆ ಕಡೆ ಹೋಗೋಣವೆಂದರೂ ಒಪ್ಪಲಿಲ್ಲ. ಮಾತಾಗಿರುವ ಹೊಲದವನು ಬಂದು ನೋಡುವಾಗ ಮಂದೆ ಇನ್ನೊಬ್ಬರ ಹೊಲದಲ್ಲಿದ್ದರೆ ಮುಖ ತೋರಿಸುವುದು ಹೇಗೆ? ಬಲೆಯನ್ನು ಗೋಮಾಳದಲ್ಲೇ ಕಟ್ಟಿದರು. ಶುಕ್ರವಾರವೂ ಹಾಗೆಯೇ. ಮತ್ತೆ ಬನ್ನು, ಬಾಳೆಹಣ್ಣು.

ಶನಿವಾರ ಮಧ್ಯಾಹ್ನ ಅಕ್ಕ ಅಂಗಡಿಗೆ ಬಂದಳು. ಪಡಿತರ ಚೀಟಿಯ ಜೆರಾಕ್ಸ್ ಬೇಕಿತ್ತು. ತೆಗೆದುಕೊಟ್ಟೆ. ಅವಳು ಅದನ್ನು ನಾಲ್ಕು ಮಡಿಕೆ ಮಡಿಸಿದಳು, ಹೋಗಲಿಲ್ಲ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕಬ್ಯಾಡ ಕಣವ್ವ. ನನ್ನ ಹೊಲ ಅಂದ್ರೆ ನಿಮ್ಮ ಕುರಿಗೆ ಅಷ್ಟೊಂದು ಅಸಯ್ಯವಾ?"

"ಯಾಕಕ್ಕ?"

"ಎಲ್ಡು ದಿನದಿಂದ ನೋಡ್ತಾ ಇವ್ನಿ. ಗೋಮಾಳದಲ್ಲಿ ಸುಮ್ಕೆ ಮಲಗವೆ. ನಡುವೆ ಇರೋದು ಒಂದು ಬದು ಅಷ್ಟೇಯ. ಅಲ್ಲಾದ್ರೂ ಮಲಗ್ತೀವಿ, ನಿನ್ನ ಹೊಲಕ್ಕೆ ಮಾತ್ರ ಕಾಲಿಡಾಕಿಲ್ಲ ಅಂದಂಗಾಯ್ತಲ್ಲ. ನಿಮ್ಮಪ್ಪ ಮಾತು ಕೊಟ್ಟಿದ್ದು ಮರೆತ್ನಾ, ಇಲ್ಲಾ ಬ್ಯಾರೆ ಯಾರಾನ ದೊಡ್ಡೋರು ಬಂದ್ರಾ?"

ನಗುತ್ತಲೇ ಕೇಳಿದಳು. ಆದರೆ ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಬೆಳಗ್ಗೆ ಬಸ್ಸಿನಿಂದ ನಾನೂ ನೋಡಿದ್ದೆ, ದಕ್ಷಿಣಕ್ಕೆ ಮೋಡ ಕಟ್ಟಿತ್ತು.

ನಾನು ತಂತ್ರಾಂಶದ ಒಳಬಾಗಿಲು ತೆರೆದು ಆ ಮೂರು ಕೆಂಪು ದಿನಗಳ ಮೇಲೆ ಒತ್ತಿದೆ. ಇಂಗ್ಲಿಷಿನಲ್ಲಿ ಒಂದು ಹೆಸರಿತ್ತು, ಮಾದರಿ ಅತಿಥಿ ಎಂದು ಅದರ ಅರ್ಥ. ಕುರಿ ಎರಡು, ಮರಿ ಒಂದು ಎಂದಿತ್ತು, ಅಂದರೆ ದೊಡ್ಡವರು ಇಬ್ಬರು, ಮಗು ಒಂದು. ಊರಿನ ಜಾಗ ಖಾಲಿ. ದಾಖಲಾದ ಸಮಯ ಮಂಗಳವಾರ, ನಾನು ತಂತ್ರಾಂಶ ಅಳವಡಿಸಿದ ಅದೇ ನಿಮಿಷ. ಕೋಣೆಯ ಹೆಸರನ್ನಷ್ಟೇ ನಾನು ಬದಲಿಸಿದ್ದೆ. ಕೋಣೆಯೊಳಗಿದ್ದ ಅತಿಥಿ ಹಾಗೆಯೇ ಮಂದೆಗೆ ಬಂದು ಕೂತಿದ್ದ.

ಅಕ್ಕನಿಗೆ ಸ್ಟೂಲು ಕೊಟ್ಟು ಕೂರಿಸಿ, ಚಿಕ್ಕಪ್ಪನ ಮೊಬೈಲಿಗೆ ಫೋನ್ ಮಾಡಿ ಅಪ್ಪನಿಗೆ ಕೊಡಲು ಹೇಳಿದೆ. ಅಕ್ಕನಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

"ಆವಯ್ಯ ಇನ್ನೂ ಬಂದಿಲ್ಲ ಕಣವ್ವ," ಎಂದರು ಅಪ್ಪ ಮೊದಲೇ. "ಯಾವೂರ್ನೋನು?"

"ಊರೇ ಇಲ್ಲಪ್ಪ."

"ಊರಿಲ್ದೋನಿಗೆ ಹೊಲ ಎಲ್ಲಿಂದ ಬಂತು?"

"ಅಪ್ಪ, ಅವನು ಮನುಷ್ಯನೇ ಅಲ್ಲ. ಹೊಲದಲ್ಲಿ ಬೆದರುಬೊಂಬೆ ನಿಲ್ಲಿಸ್ತೀವಲ್ಲ, ಹಾಗೆ. ತಂತ್ರಾಂಶ ಮಾಡಿದವರು ತೋರಿಸೋಕೆ ಅಂತ ನಿಲ್ಲಿಸಿರೋ ಬೊಂಬೆ. ನಾನು ತೆಗೀಬೇಕಿತ್ತು, ತೆಗೀಲಿಲ್ಲ. ತಪ್ಪು ನನ್ನದು."

ಆ ಕಡೆ ಕುರಿಗಳು ಅರಚುವುದು ಕೇಳುತ್ತಿತ್ತು.

"ಬೆದರುಬೊಂಬೆ ಕಂಡ್ರೆ ಹಕ್ಕಿ ಓಡೋಯ್ತವೆ," ಎಂದರು ಅಪ್ಪ. "ನಾನು ಎಲ್ಡು ದಿನ ಬನ್ನು ತಿನ್ಕಂಡು ಕಾದ್ನಾ?"

ಚಿಕ್ಕಪ್ಪ ನಕ್ಕದ್ದು ಫೋನಿನಲ್ಲಿ ಕೇಳಿತು. ಸ್ಟೂಲಿನ ಮೇಲಿದ್ದ ಅಕ್ಕ ಸೆರಗು ಬಾಯಿಗೆ ಹಿಡಿದು ನಗಲಾರಂಭಿಸಿದಳು. ಅವಳ ದನಿ ಅಪ್ಪನಿಗೆ ಗುರುತು ಸಿಕ್ಕಿತು.

"ಯಾರದು, ಅಲ್ಲೇ ಇದ್ದೀಯವ್ವ? ಸಂಜಿಕೆ ಬಂದು ಕರಿ. ನೀನು ಕರೀದೆ ನಾನು ಬರಾಕಿಲ್ಲ."

ಯಜಮಾನರನ್ನು ಕೇಳಿಕೊಂಡು ನಾಲ್ಕೂವರೆಯ ಬಸ್ಸಿಗೆ ನಾನೂ ಅಕ್ಕನ ಜೊತೆ ಹೊರಟೆ. ಅವಳು ಗೋಮಾಳದ ಅಂಚಿಗೆ ಹೋಗಿ, ರೀತಿ ತಪ್ಪದಂತೆ, "ಬನ್ರಣ್ಣ ನನ್ನ ಹೊಲಕ್ಕೆ," ಎಂದಳು. ಬದು ದಾಟುವುದಕ್ಕೆ ಮಂದೆಗೆ ಐದು ನಿಮಿಷವೂ ಬೇಕಾಗಲಿಲ್ಲ. ಹೊತ್ತು ಮುಳುಗುವ ಮುನ್ನವೇ ಬಲೆ ಕಟ್ಟಿ ಆಗಿತ್ತು. ಅಕ್ಕ ಮನೆಗೆ ಓಡಿ ಹೋಗಿ ಮುದ್ದೆ, ಬಸ್ಸಾರು ತಂದಳು. ಅಪ್ಪ ಮೊದಲ ತುತ್ತು ನುಂಗಿ ಕಣ್ಣು ಮುಚ್ಚಿದರು.

ಆದರೆ ಅವಳ ಹೊಲಕ್ಕೆ ಎರಡು ದಿನ ಬೇಕು. ಉಳಿದಿದ್ದದ್ದು ಒಂದೇ. ಭಾನುವಾರ ಗೌಡರದು. ಕೊಟ್ಟ ಮಾತನ್ನು ಅಪ್ಪ ತಾವಾಗಿ ಕದಲಿಸುವವರಲ್ಲ. ಅಕ್ಕನೂ ಬಾಯಿ ಬಿಟ್ಟು ಕೇಳುವವಳಲ್ಲ. ಊಟ ಮುಗಿಯುವ ಹೊತ್ತಿಗೆ ಗೌಡರೇ ನಾಳೆಯ ವಿಷಯ ಮಾತಾಡಲು ಬೈಕಿನಲ್ಲಿ ಬಂದರು. ಅಪ್ಪ ಮತ್ತು ಅವರು ಪ್ರಾಥಮಿಕ ಶಾಲೆಯಲ್ಲಿ ಒಂದೇ ಬೆಂಚಿನವರು. ಬೈಕು ನಿಲ್ಲಿಸುವ ಮೊದಲೇ ಶುರು ಮಾಡಿದರು.

"ಏನ್ಲಾ, ನಿನ್ನ ಮಗಳ ಕಂಪ್ಯೂಟ್ರಿಂದ ನಂಗೆ ಮೇಲ್ ಬಂದೈತೆ. ನಿಮ್ಮ ವಾಸ ಸುಖವಾಗಿರ್ಲಿ, ಬೆಳಗಿನ ತಿಂಡಿ ಸೇರೈತೆ ಅಂತ ಬರ್ದವ್ರೆ. ಇಡ್ಲಿಯೋ, ಉಪ್ಪಿಟ್ಟೋ?"

"ಹಿಕ್ಕೆ ಐತೆ. ಎಷ್ಟು ಬೇಕು ಹೇಳು," ಎಂದರು ಅಪ್ಪ.

ಆ ಸಾಲನ್ನೂ ನಾನು ತೆಗೆಯದೆ ಬಿಟ್ಟಿದ್ದೆ. ನಗು ನಿಂತ ಮೇಲೆ ಅಪ್ಪ ಬೆದರುಬೊಂಬೆಯ ಕಥೆಯನ್ನು ಮೊದಲಿನಿಂದ ಹೇಳಿದರು. ಬನ್ನನ್ನೂ ಬಿಡಲಿಲ್ಲ. ಗೌಡರು ಬದುವಿನ ಮೇಲೆ ಕೂತು ಕೇಳಿದರು. ಅಕ್ಕನ ಹೊಲದ ಉದ್ದ ಅಗಲ ನೋಡಿದರು, ಬಲೆಯೊಳಗೆ ಬಂದಿದ್ದ ಅರ್ಧ ಭಾಗವನ್ನೂ, ಹೊರಗೆ ಉಳಿದ ಅರ್ಧವನ್ನೂ ನೋಡಿದರು. ಆಮೇಲೆ ಮೋಡ ನೋಡಿದರು.

"ಲೇ, ಇಲ್ದೇ ಇರೋನಿಗೆ ನೀನು ಎಲ್ಡು ದಿನ ಕಾದಿದ್ದೀಯ. ನಾನು ಇರೋನು, ಒಂದು ದಿನ ಕಾಯಾಕಾಗಲ್ವಾ? ನಾಳೇನೂ ಈಯಮ್ಮನ ಹೊಲದಲ್ಲೇ ಇರು. ಸೋಮವಾರ ಬಂದು ಕರೀತೀನಿ." ನನ್ನ ಕಡೆ ತಿರುಗಿ, "ಒಸಿ ಕೆಂಪು ಮಾಡ್ಕವ್ವ ಅದ್ನ," ಎಂದರು.

ಅಕ್ಕ ಪಾತ್ರೆಯಲ್ಲಿ ಉಳಿದಿದ್ದ ಒಂದು ಮುದ್ದೆಯನ್ನು ತಟ್ಟೆಗೆ ಹಾಕಿ, ಸಾರು ಬಿಟ್ಟು, ಗೌಡರ ಮುಂದಿಟ್ಟಳು.

ಅಲ್ಲೇ ಬದುವಿನ ಮೇಲೆ ನಿಂತು ಶನಿವಾರ, ಭಾನುವಾರ ಎರಡಕ್ಕೂ ಅಕ್ಕನ ಹೆಸರು ಬರೆದೆ. ಅದಕ್ಕೆ ಮೊದಲು ಬೊಂಬೆಯನ್ನು ಅಳಿಸಲು ಹೋದಾಗ "ಖಚಿತವೇ?" ಎಂದು ಕೇಳಿತು. ಆ ಸಾಲನ್ನು ಮೂರು ಸಲ ಓದಿ ಹೌದು ಎಂದೆ. ಸುತ್ತಮುತ್ತ ಎಲ್ಲಾದರೂ ಬೂದು ಅಕ್ಷರ ಇದೆಯೇ ಎಂದೂ ನೋಡಿದೆ.

ಮಳೆ ಬುಧವಾರ ಮಧ್ಯಾಹ್ನ ಬಂತು, ಜೋರಾಗಿಯೇ. ಅಷ್ಟರಲ್ಲಿ ಅಕ್ಕನ ಎರಡು ದಿನ ಮುಗಿದಿದ್ದವು, ಗೌಡರಿಗೆ ಎರಡು ಸಿಕ್ಕಿ ಮೂರನೆಯದು ತಪ್ಪಿತು. ಆ ಒಂದು ದಿನವನ್ನು ಅವರು ಬಿಟ್ಟಿಲ್ಲ. ಎಲ್ಲಿ ಸಿಕ್ಕರೂ, "ನಿಮ್ಮ ಬೊಂಬೆ ನಂಗೆ ಒಂದಿನ ಕೊಡ್ಬೇಕು," ಎನ್ನುತ್ತಾರೆ. ಮುಂದಿನ ವರ್ಷದ ಮಂದೆಯ ಮೊದಲ ದಿನವನ್ನು ಅವರ ಹೆಸರಿಗೆ ಈಗಲೇ ಬರೆದಿಟ್ಟಿದ್ದೇನೆ.

ಅಕ್ಕನ ರಾಗಿ ಈ ಸಲ ಅವಳ ಸೊಂಟ ಮುಟ್ಟಿತು. ಬದುವಿನ ಆಚೆ, ಗೋಮಾಳದಲ್ಲಿ, ಆ ಎರಡು ದಿನ ಬಲೆ ಕಟ್ಟಿದ್ದಷ್ಟು ಅಗಲಕ್ಕೆ, ಗೆರೆ ಎಳೆದ ಹಾಗೆ ನಾಲ್ಕು ಮೂಲೆಯ ಒಂದು ಜಾಗದಲ್ಲಿ ಮಾತ್ರ ಹುಲ್ಲು ಕಪ್ಪು ಹಸಿರಾಗಿ ಎದ್ದು ನಿಂತಿತ್ತು. ಗೋಮಾಳಕ್ಕೆ ಬಿಟ್ಟ ಕೂಡಲೇ ಕುರಿಗಳು ತಲೆ ತಗ್ಗಿಸಿಕೊಂಡು ನೇರ ಅಲ್ಲಿಗೇ ಓಡುತ್ತಿದ್ದವು. ಅಪ್ಪ ಅವನ್ನು ತಡೆಯುತ್ತಿರಲಿಲ್ಲ.

"ಹೋಗ್ಲಿ ಬುಡು," ಎನ್ನುತ್ತಿದ್ದರು. "ಆವಯ್ಯ ಕೊನೆಗೂ ಊಟಕ್ಕೆ ಕರೆದವ್ನೆ."