ಪಾಟಿಸವಾಲು ಕಲಿಸದ ಕಾಲೇಜು

ನನ್ನ ಮೊದಲ ಪಾಟಿಸವಾಲು ಕುಷ್ಟಗಿ ಕೋರ್ಟಿನಲ್ಲಿ. ಹೆಂಡತಿಯನ್ನು ಮನೆಯಿಂದ ಹೊರಹಾಕಿದ್ದ ಗಂಡ ಕಟಕಟೆಯಲ್ಲಿ ನಿಂತು, ಆಕೆ ತಾನಾಗಿಯೇ ಹೋದಳೆಂದು ಸುಳ್ಳು ಹೇಳುತ್ತಿದ್ದ. ನಾನು ಆಕೆಯ ವಕೀಲೆ. ಎರಡು ಪ್ರಶ್ನೆ ಕೇಳಿದ ಮೇಲೆ ಮುಂದೇನು ಕೇಳಬೇಕೆಂದು ತಿಳಿಯದೆ ಕುಳಿತುಬಿಟ್ಟೆ.

ಹೊರಗೆ ಬಂದಾಗ ನನ್ನ ಕಕ್ಷಿದಾರೆ, ಹನುಮಸಾಗರದ ಆ ಹೆಣ್ಣುಮಗಳು, "ಮುಗೀತೇನ್ರಿ ಅಕ್ಕಾರ? ಅವ ಹೇಳಿದ್ದ ಖರೆ ಆತಲ್ರಿ" ಎಂದು ಅತ್ತಳು.

ನನ್ನ ಹಿರಿಯ ವಕೀಲರು ಅರ್ಜಿ ಹಾಕಿ, ಗಂಡನನ್ನು ಮತ್ತೆ ಕರೆಸಿ, ಸುಳ್ಳನ್ನು ಬಯಲು ಮಾಡಿದರು. ಅಲ್ಲಿಂದ ನೆಟ್ಟಗೆ ನಾನು ಓದಿದ ಕಾನೂನು ಕಾಲೇಜಿಗೆ ಹೋಗಿ ಪ್ರಾಂಶುಪಾಲರನ್ನು ಕೇಳಿದೆ.

"ಸಾಕ್ಷಿಗೆ ಪ್ರಶ್ನಿ ಕೇಳೂದನ್ನ ಯಾಕ ಕಲಿಸಲಿಲ್ರಿ ಸರ್? ನಾವು ವಾದ ಮಾಡಿ ಕಲೀಬೇಕಾದ ಅಣಕು ನ್ಯಾಯಾಲಯದ ಕೋಣಿಗೆ ಯಾವಾಗ್ಲೂ ಬೀಗ!"

ಪ್ರಾಂಶುಪಾಲರು ನಕ್ಕರು. "ಮ್ಯಾಲಿನವರು ತಪಾಸಣಿಗೆ ಬಂದಾಗ ತೆಗೀತೀವಲ್ಲ ತಂಗಿ."

ಮೈಯೆಲ್ಲ ಉರಿಯಿತು. ಆ ಕೋಣೆಯ ಕೀಲಿ ಕೊಡುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ. ಈಗ ಪ್ರತಿ ಶನಿವಾರ ಅಲ್ಲಿ ವಿದ್ಯಾರ್ಥಿಗಳಿಗೆ ನಾನೇ ಪಾಟಿಸವಾಲು ಕಲಿಸುತ್ತೇನೆ. ಕಾಲೇಜಿನವರು ಮಾಡಬೇಕಾದ ಕೆಲಸವನ್ನು ನಾನು ಮಾಡಬೇಕಾಗಿದೆಯೆಂಬ ಸಿಟ್ಟು ಮಾತ್ರ ಇನ್ನೂ ಆರಿಲ್ಲ.