ವೆಂಡೆಲ್ ಸಾಯುವಂಥ ಕತ್ತಿ

ಡೊರೀನ್ ಹ್ಯಾಕೆಟ್ ನಲವತ್ತು ವರ್ಷ ಸೋಫಾಗಳಿಗೆ ಚರ್ಮ ಹೊಲಿದವಳು. ಪೆನ್ಸಿಲ್ವೇನಿಯಾದ ನಮ್ಮ ಮೂಲೆಯಲ್ಲಿ ಅವಳ ಹೊಲಿಗೆಯ ಮೇಲೆ ಕೂರದವರು ಕಡಿಮೆ. ಶನಿವಾರ ಬಂತೆಂದರೆ ನಾವೊಂದಷ್ಟು ಜನ ಚರ್ಚಿನ ಹಿಂದಿನ ಬಯಲಿನಲ್ಲಿ ಕಬ್ಬಿಣದ ಟೊಪ್ಪಿಗೆ ಹಾಕಿಕೊಂಡು ಆರುನೂರು ವರ್ಷ ಹಿಂದಿನ ಸೈನಿಕರಾಗಿ ಕಾದಾಟದ ಆಟ ಆಡುತ್ತೇವೆ. ಅದಕ್ಕೆ ಕತ್ತಿ ಮಾಡಿಕೊಡುವವಳೂ ಅವಳೇ. ಕತ್ತಿಯೆಂದರೆ ದಪ್ಪ ಬೆತ್ತ, ಮೇಲೆ ಪೈಪಿಗೆ ಸುತ್ತುವ ಬೂದು ಟೇಪು.

ನಮ್ಮಲ್ಲಿ ಏಟು ಎಣಿಸುವ ತೀರ್ಪುಗಾರನಿಲ್ಲ. ಏಟು ತಿಂದವನೇ "ಸತ್ತೆ" ಎಂದು ಬೀಳಬೇಕು. ಇಡೀ ಆಟ ನಿಂತಿರುವುದು ಆ ಒಂದು ಮಾತಿನ ಮೇಲೆ. ಡೊರೀನಳ ತಮ್ಮ, ಕೊಳಾಯಿ ರಿಪೇರಿಯ ವೆಂಡೆಲ್, ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಸತ್ತಿರಲಿಲ್ಲ. ಟೊಪ್ಪಿಗೆ ಟಣ್ಣೆಂದರೂ "ಸ್ವಲ್ಪ ತಾಗ್ತು ಅಷ್ಟೇ" ಎನ್ನುವನು. ನನಗಂತೂ ಮೈ ಉರಿಯುತ್ತಿತ್ತು. ಕಳೆದ ಮೇ ತಿಂಗಳಲ್ಲಿ ಹೇಳಿಯೇಬಿಟ್ಟೆವು: ಬರುವ ಶನಿವಾರವೂ ಸಾಯದಿದ್ದರೆ ಅವನು ಬಯಲಿಗೆ ಕಾಲಿಡಕೂಡದು. ಹೆಂಡತಿ ಬಿಟ್ಟುಹೋದ ಮೇಲೆ ಅವನಿಗಿದ್ದದ್ದು ಆ ಬಯಲೊಂದೇ.

"ನನ್ನ ತಮ್ಮ ಮೋಸಗಾರ ಅಲ್ಲ ಕಣೋ," ಎಂದಳು ಡೊರೀನ್.

"ಮತ್ತೇನು, ಚಿರಂಜೀವಿನಾ?"

"ಸಾಯೋವಂಥ ಕತ್ತಿ ಮಾಡ್ತೀನಿ, ಇರು."

ಹೊಸ ಬೆತ್ತದ ಎರಡು ಮಗ್ಗುಲು ಚಪ್ಪಟೆ ಮಾಡಿ ಬೆಳ್ಳಿ ಬಣ್ಣದ ಟೇಪು ಅಂಟಿಸಿದಳು. "ಮಿಕ್ಕಿದ ಟರ್ಕಿ ಕೋಳಿನ ಫಾಯಿಲ್ ಹಾಳೆಲಿ ಸುತ್ತಿಟ್ಟ ಹಾಗಿದೆ," ಎಂದು ನಕ್ಕೆ. ಅವಳಿಗೂ ಹಾಗೇ ಕಂಡಿರಬೇಕು. ನಾಲ್ಕು ದಿನ ಆ ಹೊಳಪನ್ನು ಅಡಗಿಸುವುದರಲ್ಲೇ ಕಳೆದಳು. ಪೆನ್ಸಿಲ್ ಸೀಸದ ಪುಡಿ ತಿಕ್ಕಿದಳು, ಬೂಟ್ ಪಾಲಿಶ್ ಬಳಿದು ಒರೆಸಿದಳು. ನಡುವೆ ಉದ್ದಕ್ಕೂ ಕಪ್ಪು ಪಟ್ಟಿ ಎಳೆದಾಗ ಅಲಗಿನಲ್ಲಿ ಹಳ್ಳ ಬಿದ್ದಂತೆ ಕಂಡಿತು. ಹಿಡಿಗೆ ಹಳೆಯ ಸೋಫಾದ ತೋಳಿನ ಚರ್ಮ, ಯಾರ್ಯಾರದೋ ಬೆವರು ಕುಡಿದು ಕಪ್ಪಾದದ್ದು. ಕೊನೆಗೆ ತೆಳ್ಳನೆಯ ಕುಂಚದಿಂದ ಅಂಚಿಗೆ ಮೂರು ಮುಕ್ಕು ಬರೆದಳು.

"ಯಾರದೋ ಮೂಳೆಗೆ ತಾಗಿದ್ದು," ಎಂದಳು, ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳುವ ದನಿಯಲ್ಲಿ. ಮುಟ್ಟಿ ನೋಡಿದೆ, ನುಣ್ಣಗಿತ್ತು. ಆದರೂ ಬೆರಳು ತಾನಾಗಿ ಹಿಂದೆ ಬಂತು.

ಶನಿವಾರ ಅವಳೇ ಕವಚ ತೊಟ್ಟು ತಮ್ಮನೆದುರು ನಿಂತಳು. ಅರವತ್ತೆರಡು ವಯಸ್ಸು, ಸೊಂಟ ನೋವು ಬೇರೆ.

"ಹೋಗೇ, ಸೊಂಟಕ್ಕೆ ಎಣ್ಣೆ ಹಚ್ಕೊಂಡು ಮಲ್ಕೋ," ಎಂದು ನಗುತ್ತಿದ್ದ ವೆಂಡೆಲ್, ಕತ್ತಿ ಮೇಲೆದ್ದಾಗ ಅದರ ಅಂಚನ್ನೇ ನೋಡಿದ. ಒಂದು ಹೆಜ್ಜೆ ಹಿಂದೆ ಸರಿದ. ಅವನು ಹಿಂದೆ ಸರಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಏಟು ಭುಜದ ಮೇಲೆ ಬಿತ್ತು, ಮೆತ್ತಗೆ. ನಾನಾಗಿದ್ದರೆ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ವೆಂಡೆಲ್ ತನ್ನ ಭುಜ ನೋಡಿಕೊಂಡ. ಮಂಡಿಯೂರಿದ.

"ಸತ್ತೆ ಕಣೇ," ಎಂದು ಹುಲ್ಲಿನ ಮೇಲೆ ಅಂಗಾತ ಬಿದ್ದ.

ನಾನು ಓಡಿಹೋಗಿ ಅವನ ಟೊಪ್ಪಿಗೆ ಬಿಚ್ಚಿದೆ. ಅವನ ಕಣ್ಣು ಒದ್ದೆಯಾಗಿತ್ತು, ಬಾಯಿ ಮಾತ್ರ ಹಳೆಯದೇ.

"ಹತ್ತೊಂಬತ್ತು ವರ್ಷ ಕೋಲಲ್ಲಿ ಬಡಿದ್ರಿ," ಎಂದು ನನ್ನನ್ನೇ ದುರುಗುಟ್ಟಿದ. "ಕೋಲಿಗೆ ಯಾರಯ್ಯಾ ಸಾಯ್ತಾರೆ?"